ಉರಿಯೂತವನ್ನು ಹೊರಗಿನಿಂದ ನೋಡುವ ಸಿಬಿ2 ಪೆಟ್ ಸ್ಕ್ಯಾನ್: ಪದೇ ಪದೇ ಕೇಳುವ ಪ್ರಶ್ನೆಗಳು

ಸಿಬಿ2 ಎಂದರೇನು? ಗಾಂಜಾಕ್ಕೂ ಉರಿಯೂತಕ್ಕೂ ಏನು ನಂಟು?

ಗಾಂಜಾದ ಮತ್ತಿಗೆ ಕಾರಣವಾದ ಟಿಎಚ್‌ಸಿ ಎಂಬ ರಾಸಾಯನಿಕದ ರಚನೆಯನ್ನು 1964ರಲ್ಲಿ ಇಸ್ರೇಲಿನ ಯೆಹಿಯೆಲ್ ಗಾಓನಿ ಮತ್ತು ರಫಾಯೆಲ್ ಮೆಕೌಲಂ ಬಿಡಿಸಿಟ್ಟರು. ಅದು ದೇಹದಲ್ಲಿ ಎಲ್ಲಿ ಹೋಗಿ ಕೂರುತ್ತದೆ ಎಂದು ತಿಳಿಯಲು ಇನ್ನೂ ಕಾಲು ಶತಮಾನ ಹಿಡಿಯಿತು. 1990ರಲ್ಲಿ ಸಿಬಿ1, 1993ರಲ್ಲಿ ಸಿಬಿ2 ರಿಸೆಪ್ಟರ್‌ನ ಜೀನ್ ಸಿಕ್ಕಿತು. ಸಿಬಿ ಎಂದರೆ ಕ್ಯಾನಬಿನಾಯ್ಡ್, ಗಾಂಜಾ ಜಾತಿಯ ಅಣು. ರಿಸೆಪ್ಟರ್ ಎಂದರೆ ಕೋಶದ ಮೇಲಿದ್ದು, ಅಂಥ ಅಣು ಬಂದು ಕೂತಾಗ ಒಳಗೆ ಸುದ್ದಿ ಮುಟ್ಟಿಸುವ ಪ್ರೋಟೀನ್. ಸಿಬಿ1 ಹೆಚ್ಚಾಗಿ ಮಿದುಳಿನ ನರಕೋಶಗಳ ಮೇಲಿದೆ. ಅಮಲು, ಹಸಿವು, ನೆನಪುಗಳಿಗೆ ಸಂಬಂಧಿಸಿದ್ದು. ಸಿಬಿ2 ಇರುವುದು ರೋಗನಿರೋಧಕ ಕೋಶಗಳ ಮೇಲೆ: ಬಿ ಕೋಶ, ಎನ್‌ಕೆ ಕೋಶ, ಮೊನೊಸೈಟ್. ಹಾಗಾಗಿ ಗುಲ್ಮ, ಟಾನ್ಸಿಲ್‌ಗಳಲ್ಲೂ ಇದೆ.

ಇವು ಗಾಂಜಾಕ್ಕಾಗಿ ಹುಟ್ಟಿದವಲ್ಲ. ದೇಹವೇ ತಯಾರಿಸುವ ಅನಂದಮೈಡ್, 2-ಎಜಿ ಎಂಬ ಕೊಬ್ಬಿನ ಜಾತಿಯ ಸಂದೇಶವಾಹಕಗಳಿಗಾಗಿ ಇವೆ. 1992ರಲ್ಲಿ ಪತ್ತೆಯಾದ ಅನಂದಮೈಡ್‌ಗೆ ಆ ಹೆಸರು ಬಂದದ್ದು ಸಂಸ್ಕೃತದ 'ಆನಂದ'ದಿಂದ.

ನಮಗೆ ಮುಖ್ಯವಾದದ್ದು ಇಷ್ಟು. ಆರೋಗ್ಯವಂತರ ಮಿದುಳಿನಲ್ಲಿ ಸಿಬಿ2 ತೀರಾ ವಿರಳ. ಉರಿಯೂತ ಶುರುವಾಗಿ ಮೈಕ್ರೊಗ್ಲಿಯ ಎಂಬ ಮಿದುಳಿನ ಕಾವಲು ಕೋಶಗಳು ಎಚ್ಚೆತ್ತಾಗ ಅದು ಹೆಚ್ಚುತ್ತದೆ. ಆಲ್ಝೈಮರ್ ರೋಗಿಗಳ ಮರಣೋತ್ತರ ಅಂಗಾಂಶದಲ್ಲಿ ಅಮಿಲಾಯ್ಡ್ ಎಂಬ ಪ್ರೋಟೀನಿನ ಗಡ್ಡೆಗಳ ಸುತ್ತ ಮುತ್ತಿಕೊಂಡ ಮೈಕ್ರೊಗ್ಲಿಯದಲ್ಲಿ ಸಿಬಿ2 ಇರುವುದನ್ನು 2003ರಲ್ಲೇ ವರದಿ ಮಾಡಲಾಯಿತು. ಬದುಕಿರುವವರಲ್ಲಿ, ತಲೆಬುರುಡೆ ತೆರೆಯದೆ ಇದನ್ನು ನೋಡುವುದು ಹೇಗೆ ಎಂಬುದೇ ಈ ಕ್ಷೇತ್ರದ ಕೆಲಸ. ಅದಕ್ಕೆ ಸಾಧನ ಪೆಟ್ ಸ್ಕ್ಯಾನ್: ಅಲ್ಪಾಯುಷ್ಯದ ವಿಕಿರಣ ಗುರುತು ಹೊತ್ತ ಅಣುವನ್ನು (ಇದೇ ಟ್ರೇಸರ್) ರಕ್ತಕ್ಕೆ ಚುಚ್ಚಿ, ಅದು ಎಲ್ಲಿ ಹೋಗಿ ಕೂರುತ್ತದೆ ಎಂದು ಹೊರಗಿನಿಂದ ಚಿತ್ರ ತೆಗೆಯುವುದು.

ಎಂಆರ್‌ಐ ಇದೆ, ಎಫ್‌ಡಿಜಿ ಪೆಟ್ ಇದೆ. ಅವು ಸಾಲದೆ?

ರಿಸೆಪ್ಟರ್ ನೋಡುವುದಕ್ಕೆ ಸಾಲದು. ಅಂಗಾಂಶದಲ್ಲಿ ರಿಸೆಪ್ಟರ್‌ಗಳ ಸಾಂದ್ರತೆ ನ್ಯಾನೊಮೋಲಾರ್ ಮಟ್ಟದ್ದು, ಅಂದರೆ ಅತ್ಯಲ್ಪ. ಎಂಆರ್‌ಐನಲ್ಲಿ ಗುರುತಿಗೆ ಚುಚ್ಚುವ ಗ್ಯಾಡೊಲಿನಿಯಂ ಎಂಬ ಲೋಹ ಕಾಣಿಸಬೇಕಾದರೆ ಅದಕ್ಕಿಂತ ಸಾವಿರಾರು ಪಟ್ಟು ಹೆಚ್ಚು ಇರಬೇಕು. ಪೆಟ್ ಮಾತ್ರ ಪಿಕೊಮೋಲಾರ್ (ನ್ಯಾನೊಮೋಲಾರ್‌ನ ಸಾವಿರದಲ್ಲೊಂದು) ಮಟ್ಟವನ್ನೂ ಹಿಡಿಯುತ್ತದೆ.

ಎಫ್‌ಡಿಜಿ ಎಂಬುದು ಸಕ್ಕರೆಯ ರೂಪ. ರಕ್ತನಾಳಗಳ ಉರಿಯೂತ, ಸಾರ್ಕಾಯ್ಡೋಸಿಸ್‌ನಂಥ ಕಾಯಿಲೆಗಳಲ್ಲಿ ಅದರಿಂದ ನಿಜವಾದ ಉಪಯೋಗವಿದೆ. ಆದರೆ ಮಿದುಳು ಸಹಜವಾಗಿಯೇ ಸಕ್ಕರೆಯನ್ನು ಹೇರಳವಾಗಿ ಎಳೆದುಕೊಳ್ಳುವುದರಿಂದ ಆ ಬೆಳಕಿನಲ್ಲಿ ಸಣ್ಣ ಉರಿಯೂತ ಮುಚ್ಚಿಹೋಗುತ್ತದೆ.

ಟಿಎಸ್‌ಪಿಒ ಪೆಟ್ ಇರುವಾಗ ಸಿಬಿ2 ಯಾಕೆ?

ಮಿದುಳಿನ ಉರಿಯೂತಕ್ಕೆ ಹೆಚ್ಚು ಬಳಕೆಯಾಗಿರುವ ಗುರಿ ಟಿಎಸ್‌ಪಿಒ ಎಂಬ ಪ್ರೋಟೀನ್. ಅದರಲ್ಲಿ ಎರಡು ತೊಡಕುಗಳಿವೆ. ಮೊದಲನೆಯದು, ಆರ್‌ಎಸ್6971 ಎಂಬ ಒಂದೇ ಒಂದು ಜೀನ್ ವ್ಯತ್ಯಾಸ. ಇದರಿಂದ ಪಿಬಿಆರ್28ನಂಥ ಎರಡನೇ ಪೀಳಿಗೆಯ ಟ್ರೇಸರ್‌ಗಳು ಕೆಲವರಲ್ಲಿ ಬಿಗಿಯಾಗಿ ಅಂಟುತ್ತವೆ, ಕೆಲವರಲ್ಲಿ ಸಾಧಾರಣ, ಇನ್ನು ಕೆಲವರಲ್ಲಿ ಅಂಟುವುದೇ ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಸ್ಕ್ಯಾನಿಗೆ ಮೊದಲೇ ರಕ್ತದ ಜೀನ್ ಪರೀಕ್ಷೆ ಆಗಬೇಕು. ಎರಡನೆಯದು, ಟಿಎಸ್‌ಪಿಒ ಮೈಕ್ರೊಗ್ಲಿಯದಲ್ಲಿ ಮಾತ್ರವಲ್ಲ, ರಕ್ತನಾಳದ ಒಳಪದರ ಮತ್ತು ಆಸ್ಟ್ರೊಸೈಟ್ ಎಂಬ ಮಿದುಳಿನ ಬೇರೆ ಕೋಶಗಳಲ್ಲೂ ಇದೆ.

ಆರೋಗ್ಯವಂತ ಮಿದುಳಿನಲ್ಲಿ ಸಿಬಿ2 ಹೆಚ್ಚುಕಡಿಮೆ ಖಾಲಿ ಇರುವುದರಿಂದ ಹಿನ್ನೆಲೆ ಕತ್ತಲೆ. ಸಣ್ಣ ದೀಪ ಹೊತ್ತಿದರೂ ಕಾಣಬೇಕು ಎಂಬುದು ಆಸೆ. ಆದರೆ ದೀಪ ನಿಜಕ್ಕೂ ತೀರಾ ಸಣ್ಣದು. ಈ ಕ್ಷೇತ್ರದ ಕಷ್ಟಗಳೆಲ್ಲ ಅಲ್ಲಿಂದಲೇ ಹುಟ್ಟುತ್ತವೆ.

ಒಳ್ಳೆಯ ಸಿಬಿ2 ಟ್ರೇಸರ್‌ಗೆ ಏನೇನು ಗುಣ ಬೇಕು?

ಮೊದಲು ಬಿಗಿಯಾದ ಹಿಡಿತ. ಅಂಗಾಂಶದಲ್ಲಿರುವ ರಿಸೆಪ್ಟರ್‌ನ ಸಾಂದ್ರತೆಯನ್ನು ಟ್ರೇಸರ್‌ನ ಕೆಡಿ ಮೌಲ್ಯದಿಂದ (ಇದು ಕಡಿಮೆಯಾದಷ್ಟೂ ಹಿಡಿತ ಬಿಗಿ) ಭಾಗಿಸಿದರೆ 10ರ ಆಸುಪಾಸಿನ ಸಂಖ್ಯೆ ಬರಬೇಕೆಂಬುದು ರೂಢಿಯ ಅಳತೆ. ರಿಸೆಪ್ಟರ್ ಕೆಲವೇ ನ್ಯಾನೊಮೋಲಾರ್ ಇದ್ದರೆ ಕೆಡಿ 1 ನ್ಯಾನೊಮೋಲಾರ್‌ಗಿಂತ ಕೆಳಗಿಳಿಯಲೇಬೇಕು.

ಎರಡನೆಯದು ಆಯ್ಕೆ, ಅಂದರೆ ಸಿಬಿ1 ಬಿಟ್ಟು ಸಿಬಿ2 ಅನ್ನೇ ಹಿಡಿಯುವುದು. ಸಿಬಿ1 ಮತ್ತು ಸಿಬಿ2ರ ಅಮೈನೊ ಆಮ್ಲಗಳ ಸಾಲಿನಲ್ಲಿ ಸುಮಾರು ಶೇ. 44ರಷ್ಟು ಹೋಲಿಕೆಯಿದೆ, ಔಷಧ ಕೂರುವ ಪೊರೆಯೊಳಗಿನ ಭಾಗದಲ್ಲಿ ಅದು ಶೇ. 68. ಮಿದುಳಿನಲ್ಲಿ ಸಿಬಿ1 ತುಂಬಿ ತುಳುಕುತ್ತಿರುವುದರಿಂದ ಟ್ರೇಸರ್ ಅದಕ್ಕೆ ಅಲ್ಪಸ್ವಲ್ಪ ಅಂಟಿದರೂ ಸಿಬಿ2 ಸಂಕೇತ ಮುಳುಗುತ್ತದೆ. ನೂರು ಪಟ್ಟು ಆಯ್ಕೆ ಎಂದು ಕಾಗದದ ಮೇಲೆ ಬರೆದಿದ್ದರೂ ಮಿದುಳಿನ ಕೆಲಸಕ್ಕೆ ಅದು ಸಾಲದು, ಸಾವಿರ ಬೇಕು ಎಂಬುದು ನಮ್ಮ ಅಭಿಪ್ರಾಯ.

ಮೂರನೆಯದು ಎಣ್ಣೆಗುಣ. ಕ್ಯಾನಬಿನಾಯ್ಡ್ ರಿಸೆಪ್ಟರ್‌ಗಳ ಗೂಡೇ ಜಿಡ್ಡಿನದು. ಬಿಗಿಯಾಗಿ ಹಿಡಿಯುವ ಅಣುಗಳೂ ಜಿಡ್ಡಿನವೇ. ಅವು ಪ್ಲಾಸ್ಮಾ ಪ್ರೋಟೀನಿಗೆ, ಕೊಬ್ಬಿಗೆ, ಮಿದುಳಿನ ಬಿಳಿ ದ್ರವ್ಯಕ್ಕೆ ಸುಮ್ಮನೆ ಮೆತ್ತಿಕೊಳ್ಳುತ್ತವೆ. ಎಣ್ಣೆಗುಣದ ಅಳತೆಯಾದ ಲಾಗ್‌ಡಿ 1ರಿಂದ 3.5ರೊಳಗೆ ಇದ್ದರೆ ಮಿದುಳಿಗೂ ಹೋಗುತ್ತದೆ, ತೊಳೆದೂ ಹೋಗುತ್ತದೆ.

ಅಗೊನಿಸ್ಟೋ (ರಿಸೆಪ್ಟರನ್ನು ಚಾಲೂ ಮಾಡುವ ಅಣು) ಇನ್ವರ್ಸ್ ಅಗೊನಿಸ್ಟೋ (ಅದರ ಕೆಲಸವನ್ನು ತಗ್ಗಿಸುವ ಅಣು) ಎಂಬುದನ್ನೂ ನೋಡಿ. ಅಗೊನಿಸ್ಟ್ ಟ್ರೇಸರ್ ಮುಖ್ಯವಾಗಿ, ಕೋಶದೊಳಗೆ ಸುದ್ದಿ ಮುಟ್ಟಿಸುವ ಜಿ-ಪ್ರೋಟೀನ್ ಜೊತೆ ಜೋಡಿಯಾದ ರಿಸೆಪ್ಟರ್‌ಗಳನ್ನೇ ಬಿಗಿಯಾಗಿ ಹಿಡಿಯುತ್ತದೆ. ಇನ್ವರ್ಸ್ ಅಗೊನಿಸ್ಟ್‌ಗೆ ಅಂಥ ಭೇದ ಕಡಿಮೆ. ಎರಡರ ಅಂಕಿಗಳನ್ನು ಒಂದೇ ಕೋಷ್ಟಕದಲ್ಲಿ ಪಕ್ಕಪಕ್ಕ ಇಟ್ಟು ಹೋಲಿಸಬಾರದು.

ಟ್ರೇಸರ್ ತಯಾರಿ ಹೇಗೆ ನಡೆಯುತ್ತದೆ?

ಟ್ರೇಸರ್‌ಗೆ ವಿಕಿರಣ ಗುರುತಾಗಿ ಹಾಕುವ ಕಾರ್ಬನ್-11ರ ಅರ್ಧಾಯುಷ್ಯ (ವಿಕಿರಣ ಅರ್ಧಕ್ಕಿಳಿಯುವ ಹೊತ್ತು) 20.4 ನಿಮಿಷ, ಫ್ಲೋರಿನ್-18ರದ್ದು 109.8 ನಿಮಿಷ. ಕಾರ್ಬನ್-11 ಬಳಸುವುದಾದರೆ ಅದನ್ನು ತಯಾರಿಸುವ ಸೈಕ್ಲೊಟ್ರಾನ್ ಯಂತ್ರ ಅದೇ ಕಟ್ಟಡದಲ್ಲಿ ಇರಬೇಕು ಎಂದೇ ಅರ್ಥ. ಊರಿನ ಇನ್ನೊಂದು ತುದಿಯಿಂದ ತರಿಸಲಾಗದು.

ಅಲ್ಪ ಆಕ್ಸಿಜನ್ ಬೆರೆಸಿದ ನೈಟ್ರೊಜನ್ ಅನಿಲಕ್ಕೆ ಪ್ರೋಟಾನ್ ಹೊಡೆದಾಗ ಕಾರ್ಬನ್-11 ಇಂಗಾಲದ ಡೈಆಕ್ಸೈಡ್ ರೂಪದಲ್ಲಿ ಸಿಗುತ್ತದೆ. ಅದನ್ನು ಜಲಜನಕದೊಂದಿಗೆ ಬಿಸಿ ನಿಕ್ಕಲ್ ಮೇಲೆ ಹಾಯಿಸಿ ಮೀಥೇನ್ ಮಾಡುತ್ತಾರೆ. ಆಮೇಲೆ 700 ಡಿಗ್ರಿ ಸೆಲ್ಸಿಯಸ್ ದಾಟಿದ ಕೊಳವೆಯಲ್ಲಿ ಅಯೊಡಿನ್ ಜೊತೆ ಸುತ್ತಿಸಿ ಮೀಥೈಲ್ ಅಯೊಡೈಡ್ ಪಡೆಯುತ್ತಾರೆ. ಸುಮಾರು 1 ಮಿಲಿಗ್ರಾಂ ಪ್ರಿಕರ್ಸರ್ (ಗುರುತು ಸೇರುವ ಮೊದಲಿನ ಅಣು) ಅನ್ನು ಅರ್ಧ ಮಿಲಿಲೀಟರಿನೊಳಗಿನ ಡಿಎಂಎಫ್ ಅಥವಾ ಡಿಎಂಎಸ್‌ಒ ದ್ರಾವಕದಲ್ಲಿ ಕರಗಿಸಿ, ಬೇಸ್ (ಕ್ಷಾರ) ಸೇರಿಸಿ, ಆ ಅನಿಲವನ್ನು ಅದರೊಳಗೆ ಗುಳ್ಳೆಯಾಡಿಸಿ, ಕೆಲವು ನಿಮಿಷ ಬಿಸಿ ಮಾಡುತ್ತಾರೆ. ಎಚ್‌ಪಿಎಲ್‌ಸಿ ಎಂಬ, ಬೆರಕೆಯ ಅಣುಗಳನ್ನು ವಿಂಗಡಿಸುವ ಯಂತ್ರದಲ್ಲಿ ಬೇರ್ಪಡಿಸಿ, ನೀರಿನಲ್ಲಿ ತೆಳುಮಾಡಿ, ಸಿ18 ಕಾರ್ಟ್ರಿಡ್ಜ್‌ನಲ್ಲಿ ಹಿಡಿದು, ಎಥನಾಲ್‌ನಲ್ಲಿ ಇಳಿಸಿ, ಸಲೈನ್ ಬೆರೆಸಿ, 0.22 ಮೈಕ್ರೊಮೀಟರ್ ಫಿಲ್ಟರ್ ದಾಟಿಸುತ್ತಾರೆ. ಇಷ್ಟಕ್ಕೆ ಮುಕ್ಕಾಲು ಗಂಟೆ ಹಿಡಿದರೆ ಎರಡು ಅರ್ಧಾಯುಷ್ಯ ಮುಗಿದು ಸಕ್ರಿಯತೆಯ ಮುಕ್ಕಾಲು ಪಾಲು ಆಗಲೇ ಕರಗಿಹೋಗಿರುತ್ತದೆ.

ಕೆಡುವ ಜಾಗಗಳು ಹೆಚ್ಚಾಗಿ ಇವೇ. ಪ್ರಿಕರ್ಸರ್ ದ್ರಾವಣಕ್ಕೆ ತೇವ ಸೇರಿದರೆ ಇಳುವರಿ ಬೀಳುತ್ತದೆ. ಅನಿಲದ ಕೊಳವೆಗೆ ಹೊರಗಾಳಿ ನುಗ್ಗಿದರೆ ಅದರಲ್ಲಿನ ಸಾದಾ ಇಂಗಾಲ ಬೆರೆತು ಮೋಲಾರ್ ಆಕ್ಟಿವಿಟಿ (ಒಟ್ಟು ಅಣುಗಳಿಗೆ ಹೋಲಿಸಿದ ವಿಕಿರಣದ ಪ್ರಮಾಣ) ಕುಸಿಯುತ್ತದೆ. ಜಿಡ್ಡಿನ ಟ್ರೇಸರ್ ಕೊನೆಯ ಫಿಲ್ಟರಿನಲ್ಲೋ ಪ್ಲಾಸ್ಟಿಕ್ ಸಿರಿಂಜಿನಲ್ಲೋ ಅಂಟಿ ಉಳಿಯುತ್ತದೆ. ಈ ಮೂರನೆಯದನ್ನು ಜನ ಬಹಳ ತಡವಾಗಿ ಗಮನಿಸುತ್ತಾರೆ. ಚುಚ್ಚಿದ ಮೇಲೆ ಖಾಲಿ ಸಿರಿಂಜನ್ನೂ ಕೊಳವೆಯನ್ನೂ ಮತ್ತೆ ಅಳೆದು ಉಳಿಕೆಯನ್ನು ಕಳೆಯಲೇಬೇಕು. ಇಲ್ಲದಿದ್ದರೆ ಪ್ರಮಾಣದ ಅಂಕಿಯೇ ತಪ್ಪು, ಅದರಿಂದ ಹುಟ್ಟುವ ಎಸ್‌ಯುವಿಯೂ (ಚುಚ್ಚಿದ ಪ್ರಮಾಣ, ದೇಹತೂಕಗಳಿಗೆ ಹೋಲಿಸಿದ ಹೊಳಪಿನ ಅಂಕಿ) ತಪ್ಪು. ಅಂಟದಂತೆ ತಡೆಯಲು ದ್ರಾವಣದಲ್ಲಿ ಶೇ. 10ರೊಳಗೆ ಎಥನಾಲ್ ಉಳಿಸುವುದು, ಬೇಕಾದರೆ ಚೂರು ಪಾಲಿಸಾರ್ಬೇಟ್ 80 ಹಾಕುವುದು ರೂಢಿ.

ಮೋಲಾರ್ ಆಕ್ಟಿವಿಟಿ ಬಗ್ಗೆ ಯಾಕಿಷ್ಟು ತಲೆಕೆಡಿಸಿಕೊಳ್ಳುತ್ತಾರೆ?

ಲೆಕ್ಕ ಹಾಕಿ ನೋಡಿ. ಮನುಷ್ಯರಿಗೆ 370 ಮೆಗಾಬೆಕೆರೆಲ್ ಚುಚ್ಚುತ್ತೇವೆ, ಮೋಲಾರ್ ಆಕ್ಟಿವಿಟಿ ಪ್ರತಿ ಮೈಕ್ರೊಮೋಲಿಗೆ 50 ಗಿಗಾಬೆಕೆರೆಲ್ ಎಂದಿಟ್ಟುಕೊಳ್ಳಿ. ಹೋದದ್ದು 7.4 ನ್ಯಾನೊಮೋಲ್. ಅಣುತೂಕ 400 ಆದರೆ ಸುಮಾರು 3 ಮೈಕ್ರೊಗ್ರಾಂ. 70 ಕಿಲೋ ತೂಕದವರಿಗೆ ಕಿಲೋಗೆ 0.1 ನ್ಯಾನೊಮೋಲ್ ಬಿತ್ತು.

ಅದೇ ಬ್ಯಾಚಿನಿಂದ 25 ಗ್ರಾಂ ತೂಕದ ಸಣ್ಣ ಇಲಿಗೆ 10 ಮೆಗಾಬೆಕೆರೆಲ್ ಕೊಟ್ಟರೆ 0.2 ನ್ಯಾನೊಮೋಲ್, ಅಂದರೆ ಕಿಲೋಗೆ 8 ನ್ಯಾನೊಮೋಲ್. ಮನುಷ್ಯರಿಗಿಂತ ಸುಮಾರು 75 ಪಟ್ಟು ಹೆಚ್ಚು! ಬೆರಳೆಣಿಕೆಯಷ್ಟಿರುವ ರಿಸೆಪ್ಟರ್‌ಗಳಲ್ಲಿ ಬಹಳಷ್ಟನ್ನು ವಿಕಿರಣವಿಲ್ಲದ ಸಾದಾ ಅಣುಗಳೇ ಆಕ್ರಮಿಸಿಬಿಡುತ್ತವೆ. ಸಂಕೇತ ಕಾಣದೆ "ಟ್ರೇಸರ್ ಕೆಲಸ ಮಾಡಲಿಲ್ಲ" ಎಂದು ಬರೆಯುವ ಮುನ್ನ ಈ ಲೆಕ್ಕ ಹಾಕಬೇಕು. ಇನ್ನೊಂದು: ಮೋಲಾರ್ ಆಕ್ಟಿವಿಟಿ ಕೂಡ ಹೊತ್ತಿನೊಂದಿಗೆ ಕರಗುತ್ತದೆ. ಕಾರ್ಬನ್-11 ಟ್ರೇಸರ್ ಆದರೆ, ಮೊದಲು ಚುಚ್ಚಿದ ಪ್ರಾಣಿಗೂ ಅದೇ ಬಾಟಲಿಯಿಂದ 40 ನಿಮಿಷದ ನಂತರ ಅಷ್ಟೇ ಮೆಗಾಬೆಕೆರೆಲ್ ಚುಚ್ಚಿದ ಪ್ರಾಣಿಗೂ ಸಾದಾ ಅಣುಗಳ ಪ್ರಮಾಣದಲ್ಲಿ ನಾಲ್ಕು ಪಟ್ಟು ವ್ಯತ್ಯಾಸ.

ಸ್ಕ್ಯಾನ್ ದಿನ ರೋಗಿಗೆ ಏನೇನು ಮಾಡುತ್ತಾರೆ?

ಅಂಗರಚನೆಗಾಗಿ ಎಂಆರ್‌ಐ ಅನ್ನು ಬೇರೆ ದಿನ ತೆಗೆದಿರುತ್ತಾರೆ. ಸ್ಕ್ಯಾನ್ ದಿನ ಒಂದು ಕೈಗೆ ಟ್ರೇಸರ್ ಕೊಡಲು ಸೂಜಿ. ಸಂಶೋಧನೆಯಾದರೆ ಇನ್ನೊಂದು ಕೈಯ ಮಣಿಕಟ್ಟಿನ ಧಮನಿಗೆ, ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟು, ತೆಳು ಕೊಳವೆ. ಅದಕ್ಕೂ ಮೊದಲು ಆ ಕೈಯ ಎರಡೂ ಧಮನಿಗಳಲ್ಲಿ ರಕ್ತ ಚೆನ್ನಾಗಿ ಓಡುತ್ತಿದೆಯೇ ಎಂದು ಒತ್ತಿ ನೋಡುತ್ತಾರೆ. ತಲೆ ಅಲುಗದಂತೆ ಆನಿಸಿ, ಕಡಿಮೆ ಪ್ರಮಾಣದ ಸಿಟಿ ತೆಗೆದು, ಟ್ರೇಸರ್ ಚುಚ್ಚಿ, 60ರಿಂದ 90 ನಿಮಿಷ ಸತತವಾಗಿ ಚಿತ್ರ ಹಿಡಿಯುತ್ತಾರೆ. ಮೊದಲ ಕೆಲವು ನಿಮಿಷ ಚಿತ್ರಗಳು ಸೆಕೆಂಡುಗಳ ಲೆಕ್ಕದಲ್ಲಿ, ಆಮೇಲೆ ಐದೈದು ನಿಮಿಷಕ್ಕೊಂದು.

ಧಮನಿಯ ರಕ್ತ ಯಾಕೆ? ಯಕೃತ್ತು ಟ್ರೇಸರನ್ನು ಮುರಿಯುತ್ತಲೇ ಇರುತ್ತದೆ. ರಕ್ತದಲ್ಲಿ ಅಳೆದ ವಿಕಿರಣದಲ್ಲಿ ಎಷ್ಟು ಪಾಲು ಇನ್ನೂ ಮುರಿಯದ ಟ್ರೇಸರ್, ಎಷ್ಟು ಚೂರುಗಳು ಎಂದು ಗೊತ್ತಾಗದೆ ಮಿದುಳಿನ ಅಂಕಿಗೆ ಅರ್ಥವಿಲ್ಲ. ಪ್ಲಾಸ್ಮಾವನ್ನು ಬೇರ್ಪಡಿಸಿ, ಅಸಿಟೊನೈಟ್ರೈಲ್ ಹಾಕಿ ಪ್ರೋಟೀನ್ ಇಳಿಸಿ, ಎಚ್‌ಪಿಎಲ್‌ಸಿಯಲ್ಲಿ ಆಗಿಂದಾಗಲೇ ನೋಡಬೇಕು. ಕಾರ್ಬನ್-11 ಬಳಸಿದಾಗ 90ನೇ ನಿಮಿಷದ ಮಾದರಿಯಲ್ಲಿ ಉಳಿದಿರುವುದು ಮೊದಲಿನ ಶೇ. 5ಕ್ಕೂ ಕಡಿಮೆ, ಕೊನೆಯ ಮಾದರಿಗಳ ಎಣಿಕೆ ಸಹಜವಾಗಿಯೇ ಒರಟು.

ಕೊಳವೆ ತೆಗೆದ ಮೇಲೆ ಮಣಿಕಟ್ಟನ್ನು ಹತ್ತು ನಿಮಿಷವಾದರೂ ಬಿಗಿಯಾಗಿ ಒತ್ತಿ ಹಿಡಿಯಬೇಕು. ಆ ದಿನ ಆ ಕೈಯಲ್ಲಿ ಕೊಡಪಾನ, ಭಾರದ ಚೀಲ ಎತ್ತಬೇಡಿ. ರಕ್ತ ತೆಳುಮಾಡುವ ಮಾತ್ರೆ ತೆಗೆದುಕೊಳ್ಳುವವರು ಮೊದಲೇ ಹೇಳಿ.

ಚಿತ್ರದಲ್ಲಿ ಹೊಳೆಯಿತು ಅಂದರೆ ಉರಿಯೂತ ಇದೆ ಎಂದೇ?

ಅಲ್ಲ. ಈ ಪುಟದಲ್ಲಿ ಒಂದೇ ಉತ್ತರ ಓದುವಷ್ಟು ಪುರಸೊತ್ತಿದ್ದರೆ ಇದನ್ನು ಓದಿ.

ಹೊಳಪಿಗೆ ಕಾರಣಗಳು ಹಲವು. ಆ ಜಾಗಕ್ಕೆ ರಕ್ತ ಹೆಚ್ಚು ಹರಿಯುತ್ತಿರಬಹುದು. ಪಾರ್ಶ್ವವಾಯು ಆದ ಕಡೆ ರಕ್ತ-ಮಿದುಳಿನ ತಡೆಗೋಡೆ ಒಡೆದು ಟ್ರೇಸರ್ ಸುಮ್ಮನೆ ಸೋರಿರಬಹುದು. ಮುರಿದ ಚೂರೊಂದು ತಾನೂ ಮಿದುಳಿಗೆ ನುಗ್ಗಿರಬಹುದು. ಫ್ಲೋರಿನ್-18 ಕಳಚಿಕೊಂಡು ಫ್ಲೋರೈಡ್ ಆಗಿ ತಲೆಬುರುಡೆಯ ಮೂಳೆಗೆ ಸೇರಿ, ಅಲ್ಲಿನ ಬೆಳಕು ಪಕ್ಕದ ಮಿದುಳಿನ ಹೊರಪದರದ ಮೇಲೆ ಚೆಲ್ಲಿರಬಹುದು. ಆಸ್ಪತ್ರೆಯ ಪೆಟ್ ಯಂತ್ರದ ಸ್ಪಷ್ಟತೆ 4ರಿಂದ 6 ಮಿಲಿಮೀಟರ್. ಹೊರಪದರದ ದಪ್ಪ 2ರಿಂದ 4 ಮಿಲಿಮೀಟರ್. ಹೊಳಪು ಪಕ್ಕಕ್ಕೆ ಹರಡದೆ ಇರುವುದಿಲ್ಲ. ಟ್ರೇಸರ್ ಅಣುವಿನ ಕೆಲವು ಜಲಜನಕಗಳ ಜಾಗದಲ್ಲಿ ಡ್ಯೂಟೀರಿಯಂ (ಭಾರದ ಜಲಜನಕ) ಹಾಕಿ ಅದು ಬೇಗ ಮುರಿಯದಂತೆ ಮಾಡುವ ಉಪಾಯ ಫ್ಲೋರಿನ್ ಹೀಗೆ ಕಳಚುವುದನ್ನು ತಡೆಯಲೆಂದೇ ಬಂದದ್ದು.

ಹೊಳಪು ಸಿಬಿ2ರದ್ದೇ ಎಂದು ತೋರಿಸುವ ದಾರಿ ಬ್ಲಾಕಿಂಗ್. ಪ್ರಾಣಿಗಳಲ್ಲಿ ಎಸ್‌ಆರ್144528 ಅಥವಾ ಜಿಡಬ್ಲ್ಯೂ405833ನಂಥ ಸಿಬಿ2 ಅಣುವನ್ನು ಹೆಚ್ಚು ಪ್ರಮಾಣದಲ್ಲಿ ಮೊದಲೇ ಕೊಟ್ಟು, ಟ್ರೇಸರ್ ಸಂಕೇತ ಇಳಿಯುತ್ತದೆಯೇ ನೋಡುತ್ತಾರೆ. ಜೊತೆಗೆ ಸಿಬಿ1 ಅಣು ಕೊಟ್ಟಾಗ ಇಳಿಯಬಾರದು. ಗುಲ್ಮದಲ್ಲಿ ಸಹಜವಾಗಿಯೇ ಸಿಬಿ2 ಹೇರಳವಾಗಿರುವುದರಿಂದ ಮೊದಲ ಪರೀಕ್ಷೆ ಅಲ್ಲೇ. ಗುಲ್ಮದಲ್ಲೇ ತಡೆಯಲಾಗದ ಹೊಳಪನ್ನು ಮಿದುಳಿನಲ್ಲಿ ನಂಬಬೇಡಿ. ಗುಲ್ಮದಲ್ಲಿ ರಕ್ತವೂ ಹೇರಳ ಎಂಬುದನ್ನು ಮರೆಯದೆ ರಕ್ತದ ಅಂಕಿಯನ್ನು ಕಳೆದೇ ನೋಡಬೇಕು.

ಬ್ಲಾಕಿಂಗಿನಲ್ಲೂ ಒಂದು ಬಲೆ ಇದೆ. ಗುಲ್ಮದಂಥ ಅಂಗಗಳಲ್ಲಿ ಕೂರಬೇಕಾದ ಟ್ರೇಸರ್‌ಗೆ ಅಲ್ಲಿ ಜಾಗ ಸಿಗದೆ ಅದು ರಕ್ತದಲ್ಲೇ ಉಳಿಯುತ್ತದೆ. ಆಗ ಮಿದುಳಿಗೆ ಹೆಚ್ಚು ಹೋಗಿ, ಬ್ಲಾಕ್ ಮಾಡಿದ ಮೇಲೂ ಸಂಕೇತ ಏರಿದಂತೆ ಕಾಣಬಹುದು. ಬರೀ ಎಸ್‌ಯುವಿ ನೋಡಿದವರು ಇಲ್ಲಿ ಮೋಸಹೋಗುತ್ತಾರೆ. ರಕ್ತದ ಲೆಕ್ಕದೊಂದಿಗೆ ವಿತರಣಾ ಗಾತ್ರ (ರಕ್ತದಲ್ಲಿರುವುದಕ್ಕೆ ಹೋಲಿಸಿದರೆ ಅಂಗಾಂಶದಲ್ಲಿ ಎಷ್ಟಿದೆ ಎಂಬ ಅಳತೆ) ನೋಡಿದವರಿಗೆ ನಿಜ ಸಿಗುತ್ತದೆ.

ಅಂಗಾಂಶದಲ್ಲಿ ಆಂಟಿಬಾಡಿ ಹಾಕಿ ದೃಢಪಡಿಸಿದೆವು ಎಂಬ ಮಾತನ್ನೂ ಹಾಗೇ ಒಪ್ಪಬೇಡಿ. ಸಿಬಿ2 ಆಂಟಿಬಾಡಿಗಳಲ್ಲಿ ಹಲವು, ಸಿಬಿ2 ಜೀನ್ ತೆಗೆದುಹಾಕಿದ ಇಲಿಗಳಲ್ಲೂ ಬಣ್ಣ ತೋರಿಸುತ್ತವೆ. ಜೀನ್ ಇಲ್ಲದ ಪ್ರಾಣಿಯ ಅಂಗಾಂಶ ಹಾಗೂ ಆರ್‌ಎನ್‌ಎ ಪರೀಕ್ಷೆ ಜೊತೆಗಿರಲಿ.

ಇಲಿಗಳಲ್ಲಿ ಚೆನ್ನಾಗಿ ಬಂದದ್ದು ಮನುಷ್ಯರಲ್ಲಿ ಯಾಕೆ ಬರುವುದಿಲ್ಲ?

ಇಲಿಯ ಸಿಬಿ2 ಮನುಷ್ಯರದಕ್ಕೆ ಹೋಲುವುದು ಶೇ. 80ರ ಆಸುಪಾಸು ಮಾತ್ರ. ಒಂದರಲ್ಲಿ ಬಿಗಿಯಾಗಿ ಕೂತ ಅಣು ಇನ್ನೊಂದರಲ್ಲಿ ಸಡಿಲವಾಗಬಹುದು; ತಿರುಗುಮುರುಗೂ ಆಗಬಹುದು. ಬೆಲ್ಜಿಯಂನ ಲ್ಯೂವೆನ್ ತಂಡ ಇದಕ್ಕೊಂದು ದಾರಿ ಹುಡುಕಿತು: ವೈರಸ್ ವಾಹಕದ ಮೂಲಕ ಮನುಷ್ಯರ ಸಿಬಿ2 ಜೀನನ್ನು ಇಲಿಯ ಮಿದುಳಿನ ಒಂದೇ ಬದಿಗೆ ಸೇರಿಸಿ, ಇನ್ನೊಂದು ಬದಿಯನ್ನು ಹೋಲಿಕೆಗೆ ಇಟ್ಟುಕೊಂಡಿತು. ಟ್ರೇಸರ್‌ಗೆ ಮನುಷ್ಯರ ರಿಸೆಪ್ಟರ್ ಹಿಡಿಯುವ ಶಕ್ತಿ ಇದೆಯೇ ಎಂದು ತಿಳಿಯಲು ಇದು ಬಹಳ ಒಳ್ಳೆಯ ಮಾದರಿ. ಆದರೆ ಅಲ್ಲಿ ರಿಸೆಪ್ಟರ್ ಹೇರಳ. ನಿಜವಾದ ಕಾಯಿಲೆಯ ವಿರಳ ರಿಸೆಪ್ಟರ್‌ಗೆ ಅದೇ ಟ್ರೇಸರ್ ಸಾಕಾಗುತ್ತದೆ ಎಂಬ ಭರವಸೆ ಅದರಿಂದ ಸಿಗುವುದಿಲ್ಲ.

ಮನುಷ್ಯರಲ್ಲಿ ಇಲ್ಲಿಯವರೆಗೆ ಏನು ಕಂಡಿದೆ?

ಲ್ಯೂವೆನ್‌ನಲ್ಲಿ ರೂಪುಗೊಂಡ ಕಾರ್ಬನ್-11 ಎನ್‌ಇ40 ಮನುಷ್ಯರಿಗೆ ಕೊಟ್ಟ ಮೊದಲ ಸಿಬಿ2 ಟ್ರೇಸರ್. ಆರೋಗ್ಯವಂತರಲ್ಲಿ ಗುಲ್ಮದಂಥ ನಿರೀಕ್ಷಿತ ಜಾಗಗಳಲ್ಲಿ ಅದು ಕಂಡಿತು. 2013ರಲ್ಲಿ ಆ ವರದಿ ಬಂತು. ಬಳಿಕ ಆಲ್ಝೈಮರ್ ರೋಗಿಗಳಲ್ಲಿ ನೋಡಿದಾಗ ಎಲ್ಲರೂ ಎದುರುನೋಡುತ್ತಿದ್ದುದು ಏರಿಕೆ. ಸಿಕ್ಕಿದ್ದು ಇಳಿಕೆ: ಆರೋಗ್ಯವಂತರಿಗಿಂತ ರೋಗಿಗಳ ಮಿದುಳಿನಲ್ಲಿ ಬಂಧನ ಕಡಿಮೆ, ಅಮಿಲಾಯ್ಡ್ ಪ್ರಮಾಣಕ್ಕೂ ಅದಕ್ಕೂ ತಾಳೆ ಇಲ್ಲ. ಪಾಲ್ಗೊಂಡವರ ಸಂಖ್ಯೆ ಚಿಕ್ಕದು. ಟ್ರೇಸರ್‌ನ ಹಿಡಿತ ಸಾಲದೆ ಬಂದದ್ದೋ, ಕಾಯಿಲೆಯಲ್ಲೇ ಹಾಗೋ ಎಂದು ಇದೊಂದರಿಂದ ತೀರ್ಮಾನಿಸಲಾಗದು. ಮರಣೋತ್ತರ ಅಂಗಾಂಶ ಒಂದು ಹೇಳಿ ಸ್ಕ್ಯಾನ್ ಇನ್ನೊಂದು ಹೇಳಿದಾಗ, ಆ ಫಲಿತಾಂಶವನ್ನು ಮುಚ್ಚಿಡದೆ ಪ್ರಕಟಿಸಿದ್ದು ಈ ಕ್ಷೇತ್ರಕ್ಕೆ ದೊಡ್ಡ ಉಪಕಾರ ಎಂದೇ ನಾವು ಭಾವಿಸುತ್ತೇವೆ.

ಸ್ವಿಟ್ಜರ್ಲೆಂಡಿನ ಇಟಿಎಚ್ ಝೂರಿಕ್‌ನ ಕೆಪಿ23, ಆರ್‌ಎಸ್-016 ಎಂಬ ಟ್ರೇಸರ್‌ಗಳು, ಜರ್ಮನಿಯ ಲೈಪ್ಜಿಗ್‌ನಲ್ಲಿ ನಡೆದ ಫ್ಲೋರಿನ್-18 ಟ್ರೇಸರ್‌ಗಳ ಕೆಲಸ, ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನ ಟ್ರೇಸರ್‌ಗಳು ಇದೇ ಓಟದಲ್ಲಿವೆ. ಮಿದುಳಿನ ಜೊತೆಗೆ ಎಎಲ್‌ಎಸ್ ಎಂಬ ನರರೋಗವಿದ್ದವರ ಬೆನ್ನುಹುರಿಯ ಅಂಗಾಂಶ, ಕೊಬ್ಬು ಕಟ್ಟಿದ ರಕ್ತನಾಳ ಇವುಗಳಲ್ಲೂ ಪ್ರಯೋಗಗಳಾಗಿವೆ. 2019ರಲ್ಲಿ ಸಿಬಿ2ರ ಸ್ಫಟಿಕ ರಚನೆ ಸಿಕ್ಕಿದ್ದರಿಂದ ಹೊಸ ಅಣುಗಳ ವಿನ್ಯಾಸಕ್ಕೆ ಗೂಡಿನ ನಕ್ಷೆಯಾದರೂ ಈಗ ಕೈಯಲ್ಲಿದೆ.

ಗಾಂಜಾ, ಭಂಗಿ ಸೇವಿಸುವವರಲ್ಲಿ ಸ್ಕ್ಯಾನ್ ಕೆಡುತ್ತದೆಯೇ? ಕಾಳುಮೆಣಸು?

ಟಿಎಚ್‌ಸಿ ಎರಡೂ ರಿಸೆಪ್ಟರ್‌ಗಳಲ್ಲಿ ಕೂರುತ್ತದೆ, ಕೊಬ್ಬಿನಲ್ಲಿ ಸೇರಿಕೊಂಡು ನಿಧಾನವಾಗಿ ಹೊರಬರುತ್ತದೆ. ಸಿಬಿ1 ವಿಷಯದಲ್ಲಿ ಸ್ಪಷ್ಟ ಸಾಕ್ಷಿ ಇದೆ: ದಿನನಿತ್ಯ ಗಾಂಜಾ ಸೇದುವವರ ಮಿದುಳಿನ ಹೊರಪದರದಲ್ಲಿ ಸಿಬಿ1 ಸುಮಾರು ಶೇ. 20ರಷ್ಟು ಕಡಿಮೆ ಕಂಡು, ಸುಮಾರು ನಾಲ್ಕು ವಾರ ಬಿಟ್ಟ ಮೇಲೆ ಮತ್ತೆ ಏರಿದ್ದು 2012ರಲ್ಲಿ ವರದಿಯಾಗಿದೆ. ಆದ್ದರಿಂದ ಶಿವರಾತ್ರಿಗೆ ಭಂಗಿ ಕುಡಿದಿದ್ದರೂ, ಸಿಬಿಡಿ (ಗಾಂಜಾದ ಇನ್ನೊಂದು ರಾಸಾಯನಿಕ) ಎಣ್ಣೆ ಬಳಸುತ್ತಿದ್ದರೂ ಸಂಕೋಚಪಡದೆ ಸಂಶೋಧಕರಿಗೆ ಹೇಳಿ. ಬಚ್ಚಿಟ್ಟರೆ ಇಡೀ ಅಧ್ಯಯನದ ಅಂಕಿ ಕೆಡುತ್ತದೆ.

ಕಾಳುಮೆಣಸು, ಲವಂಗಗಳಲ್ಲಿರುವ ಬೀಟಾ-ಕ್ಯಾರಿಯೊಫಿಲಿನ್ ಕೂಡ ಸಿಬಿ2ಕ್ಕೆ ಅಂಟುತ್ತದೆ. 2008ರ ವರದಿಯಲ್ಲಿ ಅದರ ಕೆಐ (ಕೆಡಿಯಂತೆಯೇ ಹಿಡಿತದ ಅಳತೆ) ಸುಮಾರು 155 ನ್ಯಾನೊಮೋಲಾರ್. ಟ್ರೇಸರ್‌ಗಿಂತ ನೂರಾರು ಪಟ್ಟು ಸಡಿಲ. ಮೆಣಸಿನ ಸಾರಿಗೆ ಹೆದರಬೇಕಿಲ್ಲ. ಅದನ್ನೇ ಕ್ಯಾಪ್ಸೂಲ್ ಮಾಡಿ ಮಾರುವ ಪೂರಕಗಳನ್ನು ನುಂಗುತ್ತಿದ್ದರೆ ಮಾತ್ರ ತಿಳಿಸಿ.

ಟ್ರೇಸರ್‌ನಿಂದ ಮತ್ತೇರುತ್ತದೆಯೇ? ವಿಕಿರಣ ಎಷ್ಟು?

ಮತ್ತೇರುವುದಿಲ್ಲ. ಪ್ರಮಾಣ ಮೈಕ್ರೊಗ್ರಾಂಗಳಲ್ಲಿದೆ, ಅಣುವೂ ಗಿಡದಿಂದ ತೆಗೆದದ್ದಲ್ಲ. ಕಾರ್ಬನ್-11 ಟ್ರೇಸರ್ ಒಮ್ಮೆ ಕೊಟ್ಟರೆ ಸಾಮಾನ್ಯವಾಗಿ 1ರಿಂದ 2 ಮಿಲಿಸೀವರ್ಟ್, ಫ್ಲೋರಿನ್-18 ಆದರೆ 3ರಿಂದ 5ರ ಆಸುಪಾಸು. ಜೊತೆಗೆ ಸಿಟಿಯ ಪಾಲು ಸೇರುತ್ತದೆ. ನೆಲ, ಗಾಳಿ, ಆಹಾರಗಳಿಂದ ನಮಗೆಲ್ಲ ವರ್ಷಕ್ಕೆ ಬರುವ ಜಾಗತಿಕ ಸರಾಸರಿ 2.4 ಮಿಲಿಸೀವರ್ಟ್. ಹತ್ತು ಅರ್ಧಾಯುಷ್ಯ ಕಳೆದರೆ ಉಳಿಯುವುದು ಸಾವಿರದಲ್ಲಿ ಒಂದು ಪಾಲು: ಕಾರ್ಬನ್-11ಕ್ಕೆ ಮೂರೂವರೆ ಗಂಟೆ, ಫ್ಲೋರಿನ್-18ಕ್ಕೆ ಹದಿನೆಂಟು ಗಂಟೆ. ಬಸುರಿಯರನ್ನು ಇಂಥ ಸಂಶೋಧನೆಗೆ ಸೇರಿಸಿಕೊಳ್ಳುವುದಿಲ್ಲ.

ಬೆಳಕಿನಿಂದ ನೋಡಲಾಗದೆ?

ಸಿಬಿ2 ಹಿಡಿಯುವ ಅಣುವಿಗೆ ಅತಿಗೆಂಪಿನ ಹತ್ತಿರದ ಬೆಳಕು ಸೂಸುವ ಬಣ್ಣ ಜೋಡಿಸಿ ಸಣ್ಣ ಇಲಿಗಳಲ್ಲಿ ನೋಡಿದ್ದಾರೆ. ವಿಕಿರಣ ಬೇಡ, ಸೈಕ್ಲೊಟ್ರಾನ್ ಬೇಡ. ಆದರೆ ಆ ಬೆಳಕು ಅಂಗಾಂಶದಲ್ಲಿ ಒಂದೆರಡು ಸೆಂಟಿಮೀಟರ್ ದಾಟುವುದೇ ಕಷ್ಟ. ಮನುಷ್ಯರ ಮಿದುಳಿನ ಆಳಕ್ಕೆ ಅದು ಇಳಿಯುವುದಿಲ್ಲ.

ನಮ್ಮ ಅಮ್ಮನಿಗೆ ಮರೆವಿನ ಕಾಯಿಲೆ ಇದೆ. ಈ ಸ್ಕ್ಯಾನ್ ಎಲ್ಲಿ ಮಾಡಿಸಬಹುದು?

ಎಲ್ಲೂ ದುಡ್ಡು ಕೊಟ್ಟು ಮಾಡಿಸುವ ಪರೀಕ್ಷೆ ಇದಲ್ಲ. ಇದು ಸಂಶೋಧನೆಯ ಹಂತದಲ್ಲಿದೆ. ಇದರ ಫಲಿತಾಂಶದಿಂದ ಚಿಕಿತ್ಸೆ ಬದಲಾಗುವುದಿಲ್ಲ. ರೋಗ ನಿರ್ಣಯಕ್ಕೆ ನರರೋಗ ತಜ್ಞರು ಹೇಳುವ ನೆನಪಿನ ಪರೀಕ್ಷೆ, ಬಿ12 ಮತ್ತು ಥೈರಾಯ್ಡ್ ರಕ್ತಪರೀಕ್ಷೆ, ಎಂಆರ್‌ಐ, ಬೇಕಾದರೆ ಎಫ್‌ಡಿಜಿ ಪೆಟ್ ಮಾಡಿಸಿ. ಬಿ12 ಕೊರತೆಯ ಮರೆವು ಚಿಕಿತ್ಸೆಗೆ ಬಗ್ಗುತ್ತದೆ. ಅದನ್ನು ಮೊದಲು ನೋಡುವುದೇ ಲೇಸು.

ಭಾರತದಲ್ಲಿ ಯಾರಾದರೂ ಇಂಥ ಸಂಶೋಧನೆಗೆ ಕರೆದರೆ ನಾಲ್ಕು ವಿಷಯ ಕೇಳಿ. ಭಾರತದ ಕ್ಲಿನಿಕಲ್ ಟ್ರಯಲ್ ನೋಂದಣಿ ಸಂಖ್ಯೆ ಯಾವುದು, ನೈತಿಕ ಸಮಿತಿಯ ಒಪ್ಪಿಗೆ ಪತ್ರ ಎಲ್ಲಿದೆ, ಧಮನಿಗೆ ಕೊಳವೆ ಹಾಕುತ್ತಾರೆಯೇ, ತೊಂದರೆಯಾದರೆ ಪರಿಹಾರ ಯಾರು ಕೊಡುತ್ತಾರೆ. 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳಲ್ಲಿ ಪ್ರಯೋಗದಿಂದ ಆದ ಹಾನಿಗೆ ಪರಿಹಾರ ನೀಡಬೇಕೆಂದಿದೆ. ಒಪ್ಪಿಗೆ ಪತ್ರ ನಿಮಗೆ ತಿಳಿಯುವ ಭಾಷೆಯಲ್ಲೇ ಇರಬೇಕು. ಕನ್ನಡದ ಪ್ರತಿ ಕೇಳಿ ಪಡೆಯಿರಿ, ಮನೆಗೆ ತಂದು ಓದಿ, ಆಮೇಲೆ ಸಹಿ ಹಾಕಿ. ಅಮ್ಮನವರು ಒಪ್ಪಿದ ಮೇಲೂ ಸ್ಕ್ಯಾನ್ ಹಾಸಿಗೆಯ ಮೇಲೆ ಮಲಗಿರುವಾಗ ಬೇಡವೆಂದರೆ ಎದ್ದು ಬರಬಹುದು.